24 ಗಂಟೆಯಲ್ಲಿ ಗೊಬ್ಬರ ಅನ್ನುವ ಮಷಿನ್ ಕೊಳ್ಳುವ ಮುಂಚೆ ಇದನ್ನು ಓದಿ

ದೊಡ್ಡ ಅಪಾರ್ಟ್‌ಮೆಂಟ್‌ಗಳು ಹಸಿ ಕಸವನ್ನು ಆದಷ್ಟೂ ತಮ್ಮ ಆವರಣದಲ್ಲೇ ಸಂಭಾಳಿಸಬೇಕು ಅಂತ 2016ರ ಘನತ್ಯಾಜ್ಯ ನಿಯಮ ಹೇಳಿದ ಮೇಲೆ, ಬೆಂಗಳೂರಿನ ಅಸೋಸಿಯೇಷನ್‌ಗಳ ಬಾಗಿಲಿಗೆ ಮಷಿನ್ ಮಾರುವವರು ಬರುವುದು ಜಾಸ್ತಿಯಾಗಿದೆ. ನಮ್ಮಲ್ಲಿಗೂ ಬಂದರು. ಇವತ್ತು ಕಸ ಹಾಕಿ, ನಾಳೆ ಗೊಬ್ಬರ ತೆಗೆಯಿರಿ ಅಂದರು. ಅಸೋಸಿಯೇಷನ್ ಲಕ್ಷಗಟ್ಟಲೆ ಕೊಟ್ಟು ಕೊಂಡಿತು.

ಹೊರಗೆ ಬಂದದ್ದು ಕಂದು ಪುಡಿ. ನೋಡಲು ಚೆನ್ನಾಗಿಯೇ ಇತ್ತು, ನಾತವೂ ಇರಲಿಲ್ಲ. ಮಾಲಿ ಅದನ್ನು ಗುಲಾಬಿ, ದಾಸವಾಳದ ಬುಡಕ್ಕೆ ಹಾಕಿ ನೀರು ಬಿಟ್ಟರು. ಕೆಲವೇ ದಿನಗಳಲ್ಲಿ ಬಿಳಿ ಬೂಷ್ಟು ಹಿಡಿಯಿತು, ಹುಳಿ ವಾಸನೆ ಎದ್ದಿತು, ನೊಣ ಮುತ್ತಿದವು, ಎಲೆ ಹಳದಿಯಾಗಿ ಗಿಡಗಳೇ ಸತ್ತವು. ಅವರು ವರ್ಷಗಟ್ಟಲೆ ಸಾಕಿದ್ದ ಗಿಡಗಳು. ಕಂಪನಿಗೆ ಫೋನ್ ಮಾಡಿದರೆ, ಮಷಿನ್‌ಗೆ ಕಸದ ಜೊತೆ ಹಾಕುವ ಸೂಕ್ಷ್ಮಜೀವಿಗಳ ಪುಡಿ ಕಡಿಮೆಯಾಗಿದೆ, ನಮ್ಮಿಂದಲೇ ಇನ್ನಷ್ಟು ತರಿಸಿಕೊಳ್ಳಿ ಅನ್ನುವ ಉತ್ತರ.

ಆ ಮಷಿನ್ ಹೀಟರ್ ಹಾಕಿ ಕಸ ಒಣಗಿಸಿ ಪುಡಿ ಮಾಡುತ್ತದೆ, ಅಷ್ಟೇ. ಅದಕ್ಕೆ ಕರೆಂಟ್ ಬಿಲ್ ಬೇರೆ. ಕಸ ಕಳಿತು ಗೊಬ್ಬರವಾಗಲು ವಾರಗಟ್ಟಲೆ ಬೇಕು, ಅದು ಸೂಕ್ಷ್ಮಜೀವಿಗಳ ಕೆಲಸ, ಅವಸರ ಮಾಡಿದರೆ ಆಗುವುದಿಲ್ಲ. ಒಣಗಿಸಿದ ಪುಡಿಗೆ ನೀರು ತಾಗಿದ ಕೂಡಲೇ ಅದು ಮತ್ತೆ ಅನ್ನ, ಪಲ್ಯ, ಸಿಪ್ಪೆಯಾಗಿ ಬೇರಿನ ಪಕ್ಕದಲ್ಲೇ ಕೊಳೆಯಲು ಶುರುವಾಗುತ್ತದೆ, ಬೇರಿಗೆ ಬೇಕಾದ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಜೊತೆಗೆ ಊಟದಲ್ಲಿದ್ದ ಉಪ್ಪೆಲ್ಲ ಅದರಲ್ಲೇ ಉಳಿದಿರುತ್ತದೆ.

ಡೆಮೊ ಕೊಡುವಾಗ ಒಂದು ಹಿಡಿ ಪುಡಿ ಕೇಳಿ ತೆಗೆದುಕೊಳ್ಳಿ. ನೀರು ಚಿಮುಕಿಸಿ, ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಮೂರ್ನಾಲ್ಕು ದಿನ ಇಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬರಬೇಕು. ನಾತ ಬಂದರೆ ಅದು ಗೊಬ್ಬರವಲ್ಲ. ಆ ಮಷಿನ್ ಇಟ್ಟಿರುವ ಬೇರೆ ಅಪಾರ್ಟ್‌ಮೆಂಟ್‌ಗೂ ಹೋಗಿ, ಆದರೆ ಸೆಕ್ರೆಟರಿಯನ್ನಲ್ಲ, ಅಲ್ಲಿನ ಮಾಲಿಯನ್ನು ಮಾತಾಡಿಸಿ.

ನಮ್ಮಲ್ಲಿ ಈಗ ಗಾಳಿಯಾಡುವ ಜಾಲರಿ ತೊಟ್ಟಿಗಳಿವೆ. ಹಸಿ ಕಸದ ಮೇಲೆ ಒಣ ಎಲೆ, ಮರದ ಹೊಟ್ಟು ಧಾರಾಳವಾಗಿ ಹಾಕಿ ಆಗಾಗ ಮಗುಚುತ್ತಾರೆ. ಗುಡ್ಡೆ ದೊಡ್ಡದಾಗಿದ್ದರೆ ಹೀಟರ್ ಇಲ್ಲದೆಯೇ ಒಳಗಿನ ಬಿಸಿ 55 ಡಿಗ್ರಿ ದಾಟುತ್ತದೆ, ಆ ಬಿಸಿ ಕೆಲವು ದಿನ ನಿಂತರೆ ಬಹುಪಾಲು ಕಳೆ ಬೀಜಗಳೂ ಸಾಯುತ್ತವೆ. ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಇಂಥ ಹಲವು ಪದ್ಧತಿಗಳನ್ನು ಒಂದೇ ಕಡೆ ನೋಡಬಹುದು. ಕಮಿಟಿಯವರನ್ನು ಚೆಕ್ ಬರೆಯುವ ಮುಂಚೆಯೇ ಅಲ್ಲಿಗೆ ಕರೆದುಕೊಂಡು ಹೋಗಿ.