ಪ್ಲೇಫೇರ್ ಡಿಸ್‌ಪ್ಲೇ: ಉಪ್ಪಿನಕಾಯಿ ಬಾಟಲಿ ಮೇಲೆ ಮೂರು ವರ್ಷ

ನಮ್ಮ ಮನೆಯ ಉಪ್ಪಿನಕಾಯಿ ಲೇಬಲ್ಲಿಗೆ ಮೂರು ವರ್ಷದಿಂದ ಇದೇ ಫಾಂಟು. ಅದರಲ್ಲೂ ಅತಿ ದಪ್ಪದ 'ಬ್ಲ್ಯಾಕ್'. ಫಾಂಟಿಗೆ ಅಂತ ನಾನು ತೆಗೆದಿಟ್ಟ ದುಡ್ಡು ಸೊನ್ನೆ, ಇದರ ಬೆಲೆಯೂ ಸೊನ್ನೆ. ಮಾರುವ ಮಾಲಿನ ಮೇಲೆ ಹಾಕಿದರೂ ತಕರಾರಿಲ್ಲ.

ಮೊದಲು ದೂರು. ಇದರ ಅಂಕಿಗಳು ನೆಟ್ಟಗೆ ನಿಲ್ಲುವುದಿಲ್ಲ! 250 ಅಂತ ಹೊಡೆದರೆ 2 ಗಿಡ್ಡ, 5 ಕೆಳಗೆ ಜೋತುಬಿದ್ದಿರುತ್ತದೆ, 0 ಥೇಟ್ ಇಂಗ್ಲಿಷಿನ ಸಣ್ಣ 'ಓ'. ತಲೆ ಎತ್ತಿ ನಿಲ್ಲುವುದು 6 ಮತ್ತು 8 ಮಾತ್ರ. ಫೋನ್ ನಂಬರಂತೂ ಆಗುಂಬೆ ಘಾಟಿ. 'ಏನಮ್ಮಾ, ಪ್ರಿಂಟ್ ಮಾಡುವಾಗ ಕೈ ಅಲುಗಾಡ್ತಾ?' ಅಂತ ಗಿರಾಕಿಯೊಬ್ಬರು ಕೇಳಿದ್ದರು. ಫೈಲ್ ಕೆಟ್ಟಿದೆ ಅಂದುಕೊಂಡು ನಾನು ಎರಡು ಸಲ ಡೌನ್‌ಲೋಡ್ ಮಾಡಿದೆ.

ಕೆಟ್ಟಿರಲಿಲ್ಲ. ಡೆನ್ಮಾರ್ಕಿನ ಕ್ಲಾಸ್ ಎಗರ್ಸ್ ಸೋರೆನ್‌ಸೆನ್ ಇದನ್ನು ರೂಪಿಸುವಾಗ 18ನೇ ಶತಮಾನದ ಕೊನೆಯ ಕಾಲವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಹಕ್ಕಿಗರಿಯ ಲೇಖನಿ ಹೋಗಿ, ಚೂಪು ಮೊನೆಯ ಉಕ್ಕಿನ ನಿಬ್ಬು ಬರುತ್ತಿದ್ದ ಕಾಲ ಅದು. ಒತ್ತಿದರೆ ದಪ್ಪ ಗೆರೆ, ಸಡಿಲ ಬಿಟ್ಟರೆ ಕೂದಲೆಳೆ. ಆಗಿನ ಅಚ್ಚಿನಲ್ಲಿ ಅಂಕಿಗಳೂ ಸಣ್ಣಕ್ಷರಗಳ ಹಾಗೆ ಏರಿಳಿಯುತ್ತಿದ್ದವು. ಪುಸ್ತಕದ ಸಾಲಿಗೆ ಚೆಂದ, ಬೆಲೆಚೀಟಿಗೆ ಕಷ್ಟ.

ಒಂದೇ ಎತ್ತರದ ಅಂಕಿಗಳೂ ಫಾಂಟಿನ ಒಳಗೇ ಅಡಗಿ ಕೂತಿವೆ ಅಂತ ಗೊತ್ತಾಗಲು ನನಗೆ ಆರು ತಿಂಗಳು ಬೇಕಾಯಿತು. ನಾನೀಗ ಲೇಬಲ್ ಮಾಡುವ ಲಿಬ್ರೆಆಫೀಸ್ ಅನ್ನುವ ಕಂಪ್ಯೂಟರ್ ಸಾಫ್ಟ್‌ವೇರಿನಲ್ಲಿ ಫಾಂಟಿನ 'ಫೀಚರ್ಸ್' ಒತ್ತಿ 'ಲೈನಿಂಗ್' ಆರಿಸಿದರೆ ಮುಗಿಯಿತು. ಹಿಂದೆ ಬಳಸುತ್ತಿದ್ದ ಮೊಬೈಲ್ ಆ್ಯಪಿನಲ್ಲಿ ಆ ದಾರಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಸಣ್ಣ ಸೈಜಿನಲ್ಲಿ ಮಾತ್ರ ಬೇಡವೇ ಬೇಡ. ನನ್ನ ಲೇಬಲ್ ಪ್ರಿಂಟರ್ ಮಿಲಿಮೀಟರಿಗೆ 8 ಚುಕ್ಕಿಯದು. ಕೂದಲೆಳೆ ಗೆರೆಗಳು ಅದರಲ್ಲಿ ಮಾಯ. ಇಂಗ್ಲಿಷಿನ ಸಣ್ಣ 'ಇ' ಅಕ್ಷರದ ನಡುಗೆರೆ ಹಾರಿಹೋಗಿ 'ಸಿ' ಆಗುತ್ತದೆ. ತುಪ್ಪದ ಬಾಟಲಿ ಮೇಲೆ ಇಂಗ್ಲಿಷಿನಲ್ಲಿ 'ಘೀ' ಅಂತ ಹಾಕಿದ್ದೆ, ಏನಾಗಿರಬೇಕು ನೀವೇ ಯೋಚಿಸಿ. ಈಗ ಸಾಮಗ್ರಿಗಳ ಪಟ್ಟಿಗೆ ಬೇರೆ ಸಾದಾ ಫಾಂಟು. ಕನ್ನಡ ಅಕ್ಷರಗಳಂತೂ ಇದರಲ್ಲಿ ಇಲ್ಲವೇ ಇಲ್ಲ. ಪಕ್ಕದಲ್ಲಿ ನೋಟೋ ಸೆರಿಫ್ ಕನ್ನಡ ಅನ್ನುವ ಫಾಂಟಿನ ದಪ್ಪ ರೂಪ ಹಾಕುತ್ತೇನೆ, ಜೋಡಿ ಪರವಾಗಿಲ್ಲ.

ಆದರೂ ಬಿಡಲು ಮನಸ್ಸಿಲ್ಲ. ಶನಿವಾರ ರಾತ್ರಿ ಊಟ ಆದಮೇಲೆ, ಬಿಸಿಲಲ್ಲಿ ಒಣಗಿಸಿದ ಬಾಟಲಿಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಡುತ್ತೇನೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಲೇಬಲ್ಲನ್ನು ನಡುವಿನಿಂದ ಅಂಚಿಗೆ ಹೆಬ್ಬೆರಳಲ್ಲಿ ಸವರುತ್ತೇನೆ. ಆಗ ಆ ದೊಡ್ಡ ಕಪ್ಪು ಹೆಸರು ಕಣ್ಣ ಹತ್ತಿರ ಬರುತ್ತದೆ. ಸಣ್ಣ 'ಸಿ', 'ಆರ್', 'ಎಫ್' ತುದಿಗಳಲ್ಲಿ ಸಾಸಿವೆ ಕಾಳಿನಂಥ ಗುಂಡು. ಉಪ್ಪಿನಕಾಯಿಗೆ ಅಂತಲೇ ಮಾಡಿದ ಹಾಗಿದೆ, ಅಲ್ವಾ?

ಅಪ್ಪೆಮಿಡಿ ಬಾಟಲಿಗೆ ಹಾಕಿದ ವರ್ಷವನ್ನೂ ಬರೆಯುತ್ತೇನೆ. ಹೋದ ಸಲ ಆ ಒಂದು ಕಡೆ 'ಲೈನಿಂಗ್' ಮಾಡಲು ಮರೆತೆ. 2024 ಅಂತ ಮೂರು ಗಿಡ್ಡ ಅಂಕಿ, ಕೊನೆಯ 4 ತೊಟ್ಟಿನಲ್ಲಿ ಮಿಡಿ ತೂಗಿದ ಹಾಗೆ ಕೆಳಗೆ. ತಿದ್ದಲು ಹೋದವಳು ಸುಮ್ನೆ ಹಾಗೇ ಬಿಟ್ಟೆ. ಬೆಲೆ, ತೂಕ, ಫೋನ್ ನಂಬರು ಮಾತ್ರ ನೆಟ್ಟಗಿವೆ.