ವೈನೋ, ವರ್ಚುವಲ್‌ಬಾಕ್ಸೋ?

ಮಂಡ್ಯದ ನಮ್ಮ ಬೆಲ್ಲದ ಅಂಗಡಿ ಕಂಪ್ಯೂಟರಿಗೆ ವಿಂಡೋಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಹಾಕಿಸಿದೆ. ಲೆಕ್ಕದ ಹಳೇ ಸಾಫ್ಟ್‌ವೇರ್ ಮಾತ್ರ ವಿಂಡೋಸ್‌ನದು. ಅದನ್ನು ಲಿನಕ್ಸ್‌ನಲ್ಲೇ ಓಡಿಸಲು ಇರುವ ದಾರಿ ಎರಡು: ವೈನ್, ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರ್‌ಗಳು.

1993ರಲ್ಲಿ ಶುರುವಾದ ವೈನ್ ವಿಂಡೋಸನ್ನೇ ತರುವುದಿಲ್ಲ. ಸಾಫ್ಟ್‌ವೇರ್ ವಿಂಡೋಸನ್ನು ಕೇಳುವುದನ್ನೆಲ್ಲ ಲಿನಕ್ಸ್‌ಗೆ ತಿಳಿಯುವಂತೆ ತಿರುಗಿಸಿ ಹೇಳುತ್ತದೆ, ಅಷ್ಟೆ. ಹಾಗಾಗಿ ಹಗುರ, ಕಾಸೂ ಬೇಡ. ಬಿಲ್ ಪರದೆ ತಟ್ಟನೆ ತೆರೆಯಿತು. ಆದರೆ ಲೆಕ್ಕದ ಸಾಫ್ಟ್‌ವೇರಿನ ಲೈಸೆನ್ಸಿಗೆ ಸಿಕ್ಕಿಸುವ, ಪೆನ್‌ಡ್ರೈವ್‌ನಂಥ ಯುಎಸ್‌ಬಿ ಡಾಂಗಲ್ ವೈನ್ ಕಣ್ಣಿಗೆ ಬೀಳಲೇ ಇಲ್ಲ!

ವರ್ಚುವಲ್‌ಬಾಕ್ಸ್ ಅಂದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಇದ್ದಂತೆ; ಅದರ ಒಳಗೆ ಪೂರ್ತಿ ವಿಂಡೋಸೇ ಓಡುತ್ತದೆ. ಡಾಂಗಲ್ ಸಿಕ್ಕಿತು, ಪ್ರಿಂಟರೂ ಸರಿಹೋಯಿತು. ಖರ್ಚು ಮಾತ್ರ ಜಾಸ್ತಿ: ವಿಂಡೋಸ್ ಲೈಸೆನ್ಸ್ ಬೇರೆ ಬೇಕು. ವಿಂಡೋಸ್ 11 ಆದರೆ ಅದೊಂದಕ್ಕೇ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಹಳೇ ಯಂತ್ರದಲ್ಲಿ ಸುಮ್ನೆ ಒದ್ದಾಟ.

ನಾನು ವರ್ಚುವಲ್‌ಬಾಕ್ಸ್‌ಗೇ ನಿಂತೆ. ಡಾಂಗಲ್ ಕಾಟ ಇಲ್ಲದವರು ಮೊದಲು ವೈನ್ ಹಾಕಿ ನೋಡಿ.