ಯುದ್ಧಕಾಲದ ಎರಡು ಕಾದಂಬರಿ: ಮೊದಲು ಯಾವುದನ್ನು ಓದೋಣ?

ಚಿಕ್ಕಮಗಳೂರಿನ ನಮ್ಮ ಓದುಗರ ಕೂಟಕ್ಕೆ ಈ ಮಳೆಗಾಲದಲ್ಲಿ ಒಂದು ಯುದ್ಧದ ಕಾದಂಬರಿ ಬೇಕು. ಸೇನಾಪತಿಗಳದ್ದಲ್ಲ, ನಮ್ಮಂಥ ಜನರದ್ದು. ಕೈಯಲ್ಲಿರುವುದು ಎರಡು: ಐರೀನ್ ನೆಮಿರೊವ್‌ಸ್ಕಿಯವರ ‘ಸ್ವಿಟ್ ಫ್ರಾನ್ಸೇಸ್’ ಮತ್ತು ಚಿಮಮಾಂಡ ಅಡೀಚಿಯವರ ‘ಹಾಫ್ ಆಫ್ ಎ ಯೆಲ್ಲೋ ಸನ್’.

ಮೊದಲನೆಯದು 1940ರ ಜೂನ್‌ನಲ್ಲಿ ಶುರು. ಜರ್ಮನ್ ಸೇನೆ ಬರುತ್ತಿದೆ ಅಂತ ಪ್ಯಾರಿಸ್ ಜನ ಗಂಟುಮೂಟೆ ಕಟ್ಟಿ ಊರು ಬಿಡುತ್ತಾರೆ. ಆಮೇಲೆ ಒಂದು ಹಳ್ಳಿ. ಶತ್ರು ಸೈನಿಕರು ಮನೆಮನೆಯಲ್ಲೇ ತಂಗುತ್ತಾರೆ. ಅದೇ ಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ನಮ್ಮ ಕಾಫಿ ಬೆಳೆಗಾರರೂ ಕಷ್ಟಕ್ಕೆ ಸಿಕ್ಕಿದ್ದರಲ್ವಾ, ಹಾಗಾಗಿ ಇದು ಪೂರ್ತಿ ದೂರದ ಕಥೆಯಲ್ಲ. ಲೇಖಕಿ ಐದು ಭಾಗ ಯೋಚಿಸಿದ್ದರು, ಎರಡು ಮಾತ್ರ ಬರೆದರು. 1942ರಲ್ಲಿ ಅವರನ್ನು ಬಂಧಿಸಿದರು, ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ನಲ್ಲಿ ತೀರಿಕೊಂಡರು. ಪುಸ್ತಕ ಅಚ್ಚಾಗಿದ್ದು 2004ರಲ್ಲಿ. ಕಥೆ ನಡುವೆಯೇ ನಿಲ್ಲುತ್ತದೆ, ಅದು ನನಗೆ ಇವತ್ತಿಗೂ ನೋವು.

ಎರಡನೆಯದು 2006ರದ್ದು, ನೈಜೀರಿಯಾದಿಂದ ಬೇರೆಯಾಗಲು ಹೊರಟ ಬಿಯಾಫ್ರಾ ಪ್ರಾಂತ್ಯದ ಯುದ್ಧದ (1967–70) ಕಥೆ. ಪ್ರೊಫೆಸರ್ ಮನೆಗೆಲಸಕ್ಕೆ ಹಳ್ಳಿಯಿಂದ ಬರುವ ಹುಡುಗ ಉಗ್ವು. ಅವನ ಅಡುಗೆ, ಅವನ ಬೆರಗು, ದೊಡ್ಡವರ ವಾದಗಳು, ಎಲ್ಲ ತುಂಬಾ ಹತ್ತಿರ ಅನ್ನಿಸುತ್ತವೆ. ಆ ಮನೆಯನ್ನು ನಾವು ಪ್ರೀತಿಸತೊಡಗಿದ ಮೇಲೆ ಹಸಿವು ಬರುತ್ತದೆ, ಅದಕ್ಕೇ ಅಷ್ಟು ಜಾಸ್ತಿ ಚುಚ್ಚುತ್ತದೆ.

ನನ್ನ ಓಟು ಅಡೀಚಿಗೆ. ಕೂಟದಲ್ಲಿ ಮಾತಾಡಲು ವಿಷಯ ಜಾಸ್ತಿ, ಕಥೆಯೂ ಪೂರ್ತಿಯಾಗಿದೆ. ಆದರೆ ಹಿಂಸೆಯ ಕೆಲವು ಪುಟ ಬಹಳ ಕಠಿಣ. ಶಾಲೆಯ ಮಕ್ಕಳೂ ಜೊತೆಗಿದ್ದರೆ ನೆಮಿರೊವ್‌ಸ್ಕಿಯನ್ನೇ ತೆಗೆದುಕೊಳ್ಳಿ.